ಮೊದಲು ಬೇಳೆ, ಆಮೇಲೆ ಹುಳಿ: ನಿತ್ಯದ ಅಡುಗೆಗೆ ರುಚಿ ಬರುವ ಬಗೆ

ಒಂದೇ ಅಂಗಡಿಯಿಂದ ತಂದ ತೊಗರಿಬೇಳೆ, ಒಂದೇ ಡಬ್ಬಿಯ ಸಾರಿನ ಪುಡಿ. ಆದರೂ ಒಬ್ಬರ ಮನೆಯ ಸಾರು ಒಲೆಯ ಮೇಲಿರುವಾಗಲೇ ಬೀದಿಗೆಲ್ಲ ಘಮ್ಮೆನ್ನುತ್ತದೆ. ಇನ್ನೊಬ್ಬರದು ಬಿಸಿಬಿಸಿಯಾಗಿ ತಟ್ಟೆಗೆ ಬಿದ್ದರೂ ಸಪ್ಪೆ. ಅವರ ಕೈಗುಣವೇ ಹಾಗೆ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಆ ಕೈಗುಣದಲ್ಲಿ ಬಹುಪಾಲು ಯಾರು ಬೇಕಾದರೂ ಕಲಿಯಬಹುದಾದದ್ದು. ಯಾವುದನ್ನು ಮೊದಲು ಹಾಕಬೇಕು, ಯಾವುದನ್ನು ಕೊನೆಗೆ, ಉರಿ ಯಾವಾಗ ತಗ್ಗಿಸಬೇಕು, ಮುಚ್ಚಳ ಯಾವಾಗ ತೆಗೆಯಬೇಕು ಎನ್ನುವುದು ಗೊತ್ತಾದರೆ ಮನೆಯಲ್ಲಿ ಇರುವ ಸಾಮಾನಿನಲ್ಲೇ ಊಟ ರುಚಿಯಾಗುತ್ತದೆ. ಹೊಸ ಮಸಾಲೆ ಬೇಕಿಲ್ಲ, ದುಬಾರಿ ಪಾತ್ರೆಯೂ ಬೇಕಿಲ್ಲ.

ಇಲ್ಲಿ ಹಬ್ಬದಡುಗೆಯ ವಿಷಯ ಇಲ್ಲ. ಅನ್ನ, ಸಾರು, ಪಲ್ಯ, ಅಷ್ಟೇ. ಹೊಸದಾಗಿ ಸಂಸಾರ ಹೂಡಿದವರು, ಓದು ಕೆಲಸ ಎಂದು ಊರು ಬಿಟ್ಟು ರೂಮಿನಲ್ಲಿ ಇರುವವರು, ವರ್ಷಗಟ್ಟಲೆ ಅಡುಗೆ ಮಾಡಿದರೂ 'ಒಂದು ದಿನ ಚೆನ್ನಾಗಿ ಬರುತ್ತೆ, ಒಂದು ದಿನ ಬರಲ್ಲ' ಎನ್ನುವವರು, ಎಲ್ಲರಿಗೂ ಎದುರಾಗುವ ಅನುಮಾನಗಳು ಹೆಚ್ಚುಕಡಿಮೆ ಒಂದೇ.

ಬೇಳೆ ಏಕೆ ಸತಾಯಿಸುತ್ತದೆ?

ಸಾರು, ಹುಳಿ, ತೊವ್ವೆ, ಬಿಸಿಬೇಳೆಬಾತು ಎಲ್ಲದಕ್ಕೂ ಬುಡ ಬೇಳೆ. ಅದು ಅರೆಬೆಂದಿದ್ದರೆ ಮೇಲೆ ಏನು ಸುರಿದರೂ ಸಾರಿನಲ್ಲಿ ನೀರು ಬೇರೆ, ಬೇಳೆ ಬೇರೆಯಾಗಿ ನಿಲ್ಲುತ್ತದೆ.

ಬೇಳೆ ಬೇಯುವುದು ಎಂದರೆ ಒಳಗೆ ನಡೆಯುವುದು ಇಷ್ಟು. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಪೆಕ್ಟಿನ್ ಎಂಬ ಪದಾರ್ಥ. ಇದು ಗಿಡಗಳಲ್ಲೇ ಇರುವ ಒಂದು ಬಗೆಯ ಅಂಟು. ಬಿಸಿನೀರಿನಲ್ಲಿ ಈ ಅಂಟು ಕರಗಿದಾಗ ಬೇಳೆ ಮೆತ್ತಗಾಗುತ್ತದೆ. ನೀರಿನಲ್ಲಿ ಹುಳಿ ಇದ್ದರೆ ಈ ಅಂಟು ಬೇಗ ಕರಗುವುದಿಲ್ಲ. ಆದ್ದರಿಂದ ಹುಣಸೆಹುಳಿಯನ್ನು ಬೇಳೆ ಪೂರ್ತಿ ಬೆಂದ ಮೇಲೆಯೇ ಹಾಕಬೇಕು. ತರಕಾರಿಗೂ ಇದೇ ಮಾತು. ಹುಳಿ ಮಾಡುವಾಗ ಬೀನ್ಸು, ಕ್ಯಾರೆಟ್ಟು, ನುಗ್ಗೆಕಾಯಿ ಬೆಂದ ಮೇಲೆ ಹುಣಸೆರಸ ಬಿಡಿ. ಮೊದಲೇ ಬಿಟ್ಟರೆ ತರಕಾರಿ ಎಷ್ಟು ಕುದಿಸಿದರೂ ಗಟ್ಟಿ ಗಟ್ಟಿ.

'ನಮ್ಮ ಮನೆಯಲ್ಲಿ ಕುಕ್ಕರಿಗೆ ಬೇಳೆಯ ಜೊತೆಯಲ್ಲೇ ಟೊಮೆಟೊ ಹಾಕುತ್ತೇವೆ, ಬೇಯುತ್ತದಲ್ಲ?' ಎಂದು ನೀವು ಕೇಳಬಹುದು. ಬೇಯುತ್ತದೆ. ಟೊಮೆಟೊ ಹುಳಿ ಹುಣಸೆಯಷ್ಟು ಜೋರಲ್ಲ, ಕುಕ್ಕರಿನ ಬಿಸಿಯೂ ಹೆಚ್ಚು. ಆದರೆ ಬೇಳೆ ಹಳೆಯದಾಗಿದ್ದರೆ, ನೀರು ಗಡಸಾಗಿದ್ದರೆ ಆ ಸ್ವಲ್ಪ ಹುಳಿಯೂ ಕೈಕೊಡುತ್ತದೆ. ಟೊಮೆಟೊವನ್ನು ಬೇಳೆಗೆ ಬೆರೆಸದೆ, ಸಣ್ಣ ಬಟ್ಟಲಿನಲ್ಲಿ ಹಾಕಿ ಕುಕ್ಕರಿನೊಳಗೇ ಬೇರೆಯಾಗಿ ಇಟ್ಟರೆ ಆ ಗೋಜೇ ಇಲ್ಲ.

ಗಡಸು ನೀರಿನ ವಿಷಯ ಸ್ವಲ್ಪ ಹೇಳಬೇಕು. ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಸುಣ್ಣದಂತೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಇದರ ಗುರುತು. ಈ ಲವಣಗಳು ಪೆಕ್ಟಿನ್ನನ್ನು ಇನ್ನಷ್ಟು ಬಿಗಿಮಾಡುತ್ತವೆ. ಕಾವೇರಿ ನೀರು ಬರುವ ಬಡಾವಣೆಯಿಂದ ಬೋರ್ ನೀರಿನ ಬಡಾವಣೆಗೆ ಮನೆ ಬದಲಿಸಿದವರು 'ಇಲ್ಲಿ ಬೇಳೆಯೇ ಬೇಯಲ್ಲ' ಎಂದು ಅಂಗಡಿಯವನನ್ನು ಬೈಯುವುದು ಇದೇ ಕಾರಣಕ್ಕೆ. ತಪ್ಪು ಬೇಳೆಯದಲ್ಲ. ಬೇಳೆ ನೆನೆಸಲು, ಬೇಯಿಸಲು ಮಾತ್ರ ಫಿಲ್ಟರ್ ನೀರು ಬಳಸಿ. ಫಿಲ್ಟರ್ ಇಲ್ಲದಿದ್ದರೆ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಗಡಸು ಪೂರ್ತಿ ಹೋಗದಿದ್ದರೂ ಕಡಿಮೆಯಾಗುತ್ತದೆ.

ಅಡುಗೆ ಸೋಡಾ ಒಂದು ಚಿಟಿಕೆ ಹಾಕಿದರೆ ಬೇಳೆ ಬೇಗ ಬೇಯುತ್ತದೆ, ನಿಜ. ಆದರೆ ಸೋಡಾ ಬೇಳೆಯಲ್ಲಿರುವ ಬಿ1 ಜೀವಸತ್ವವನ್ನು ಹಾಳುಮಾಡುತ್ತದೆ. ರುಚಿಗೂ ಸಾಬೂನಿನಂಥ ಒಗರು ಬರುತ್ತದೆ. ದಿನಾ ಮಾಡುವ ಅಡುಗೆಗೆ ಸೋಡಾದ ಅಭ್ಯಾಸ ಬೇಡ. ಅದರ ಬದಲು ಅರ್ಧ ಗಂಟೆ ನೆನೆಸಿ. ಬೆಳಿಗ್ಗೆ ಕಾಫಿಗೆ ಹಾಲು ಇಡುವಾಗಲೇ ಬೇಳೆ ತೊಳೆದು ನೆನೆಹಾಕಿದರೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಹದವಾಗಿರುತ್ತದೆ. ಬೇಯಿಸುವಾಗ ಒಂದು ಚಿಟಿಕೆ ಅರಿಸಿನ, ಅರ್ಧ ಚಮಚ ಎಣ್ಣೆ ಹಾಕಿ. ಎಣ್ಣೆಯಿಂದ ನೊರೆ ಉಕ್ಕುವುದು ಕಡಿಮೆಯಾಗುತ್ತದೆ.

ಉಪ್ಪು ಹಾಕಿದರೆ ಬೇಳೆ ಬೇಯುವುದಿಲ್ಲ ಎಂಬ ಮಾತಿದೆ. ಹುಳಿ ಮಾಡುವಷ್ಟು ತೊಂದರೆಯನ್ನು ಉಪ್ಪು ಮಾಡುವುದಿಲ್ಲ. ಆದರೂ ಉಪ್ಪನ್ನು ಕೊನೆಯ ಕಡೆಗೆ ಹಾಕುವುದು ಲೇಸು. ನಮ್ಮ ಪ್ಯಾಕೆಟ್ ಉಪ್ಪಿನಲ್ಲಿ ಬೆರೆಸಿರುವ ಅಯೋಡಿನ್ ತುಂಬಾ ಹೊತ್ತು ಕುದಿಸಿದರೆ ಕಡಿಮೆಯಾಗುತ್ತದೆ. ಇನ್ನೊಂದು ಮಾತು: ಒಬ್ಬ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ ಒಂದು ಚಿಕ್ಕ ಚಮಚದ ಒಳಗೆ.

ಯಾವ ಬೇಳೆ ಕೊಳ್ಳಬೇಕು? ಕಲಬುರಗಿ ಸೀಮೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಆ ಬೇಳೆ ಚೆನ್ನಾಗಿ ಬೇಯುತ್ತದೆ, ಸಾರಿಗೆ ಒಂದು ತೂಕ ಕೊಡುತ್ತದೆ. ಎಲ್ಲಿಯದೇ ಕೊಂಡರೂ ಕನ್ನಡಿಯಂತೆ ಹೊಳೆಯುವ ಬೇಳೆಗೆ ಮರುಳಾಗಬೇಡಿ. ಆ ಹೊಳಪು ಪಾಲಿಶ್ ಕೊಟ್ಟಿದ್ದರಿಂದ ಬಂದದ್ದು. ತುಸು ಮಂಕಾಗಿರುವ, ಪಾಲಿಶ್ ಮಾಡದ ಬೇಳೆ ಕೇಳಿ ತನ್ನಿ. ಎರಡು ತಿಂಗಳಿಗೆ ಆಗುವಷ್ಟು ತಂದರೆ ಸಾಕು. ವರ್ಷ ಕಳೆದ ಬೇಳೆ ಎಷ್ಟು ನೆನೆಸಿದರೂ ಮೊಂಡು.

ಕುಕ್ಕರಿನ ಕೂಗು ಲೆಕ್ಕವಲ್ಲ

'ಎಷ್ಟು ಕೂಗು ಕೂಗಿಸಬೇಕು?' ಹೊಸದಾಗಿ ಅಡುಗೆ ಕಲಿಯುವವರು ಮೊದಲು ಕೇಳುವುದು ಇದನ್ನೇ. ಆದರೆ ಕೂಗಿನಿಂದ ಬೇಳೆ ಬೇಯುವುದಿಲ್ಲ, ಬಿಸಿಯಿಂದ ಬೇಯುತ್ತದೆ.

ತೆರೆದ ಪಾತ್ರೆಯಲ್ಲಿ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಮಂಗಳೂರು, ಕಾರವಾರದಲ್ಲಿ ಹಾಗೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಕುದಿಯಲು ಶುರುವಾದ ಮೇಲೆ ಎಷ್ಟೇ ಉರಿ ಕೊಟ್ಟರೂ ನೀರಿನ ಬಿಸಿ ಏರುವುದಿಲ್ಲ, ಆವಿ ಮಾತ್ರ ಹೆಚ್ಚುತ್ತದೆ. ಕುಕ್ಕರಿನಲ್ಲಿ ಆ ಆವಿ ಹೊರಹೋಗದೆ ಒತ್ತಡ ಕಟ್ಟುತ್ತದೆ. ಆಗ ಒಳಗಿನ ಬಿಸಿ ಸುಮಾರು 120 ಡಿಗ್ರಿವರೆಗೆ ಏರುತ್ತದೆ. ಬೇಳೆ ಬೇಗ ಬೇಯುವುದು ಇದರಿಂದ. ಒತ್ತಡ ಮಿತಿ ಮುಟ್ಟಿದಾಗ ಮೇಲಿನ ವೇಟ್ ಎದ್ದು ಹೆಚ್ಚಾದ ಆವಿಯನ್ನು ಹೊರಬಿಡುತ್ತದೆ. ನಮಗೆ ಕೇಳುವ ಕೂಗು ಅದು.

ಅಂದರೆ ಮೊದಲ ಕೂಗು ಬಂತೆಂದರೆ ಒಳಗೆ ಬೇಕಾದಷ್ಟು ಬಿಸಿ ಬಂದಾಗಿದೆ. ಆಮೇಲೂ ದೊಡ್ಡ ಉರಿ ಇಟ್ಟರೆ ಗ್ಯಾಸ್ ಆವಿಯಾಗಿ ಹೋಗುತ್ತದೆಯೇ ಹೊರತು ಬೇಳೆ ಬೇಗ ಬೇಯುವುದಿಲ್ಲ. ದೊಡ್ಡ ಉರಿಯಲ್ಲಿ ನಾಲ್ಕು ಕೂಗು ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಸಣ್ಣ ಉರಿಯಲ್ಲಿ ಎರಡು ಕೂಗಿಗೇ ಹತ್ತು ನಿಮಿಷ ಹಿಡಿಯುತ್ತದೆ. ಕೂಗು ಎಣಿಸಿದರೆ ಒಂದು ದಿನ ಬೆಂದು ಒಂದು ದಿನ ಬೇಯದಿರುವುದು ಹೀಗೆ. ದೊಡ್ಡ ಉರಿಯಲ್ಲಿ ಮೊದಲ ಕೂಗು ಬರಲಿ, ಕೂಡಲೇ ಸಿಮ್ ಮಾಡಿ, ಗಡಿಯಾರ ನೋಡಿ. ನೆನೆಸಿದ ತೊಗರಿಬೇಳೆಗೆ ಎಂಟರಿಂದ ಹತ್ತು ನಿಮಿಷ ಸಾಕು. ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯಲಿ. ಆ ಹತ್ತು ನಿಮಿಷದಲ್ಲೂ ಬೇಳೆ ಒಳಗೆ ಬೇಯುತ್ತಲೇ ಇರುತ್ತದೆ. ಅವಸರಕ್ಕೆ ವೇಟ್ ಎತ್ತಿದರೆ ನೊರೆ ಚಿಮ್ಮಿ ಕೈ ಸುಡುತ್ತದೆ, ವೆಂಟಿನ ತೂತಿಗೆ ಬೇಳೆ ಸಿಕ್ಕಿಕೊಳ್ಳುತ್ತದೆ. ಈ ತೂತಿನಲ್ಲಿ ಬೆಳಕು ಕಾಣುತ್ತದೆಯೇ ಎಂದು ಪ್ರತಿದಿನ ಮುಚ್ಚಳ ಹಾಕುವ ಮೊದಲು ಎತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕುಕ್ಕರಿನಲ್ಲಿ ಆಗುವ ಅನಾಹುತಗಳಿಗೆ ದೊಡ್ಡ ಕಾರಣ ಈ ತೂತು ಕಟ್ಟಿಕೊಳ್ಳುವುದು. ಬೇಳೆಯನ್ನು ನೇರವಾಗಿ ಕುಕ್ಕರಿಗೇ ಹಾಕುವುದಾದರೆ ಅರ್ಧಕ್ಕಿಂತ ಸಾಕಷ್ಟು ಕೆಳಗೇ ಇರಲಿ, ಉಕ್ಕಲು ಜಾಗ ಬೇಕು.

ಮುಚ್ಚಳದ ಸುತ್ತ ಆವಿ ಬುಸುಗುಡುತ್ತಿದ್ದರೆ ಗ್ಯಾಸ್ಕೆಟ್, ಅಂದರೆ ಒಳಗಿನ ರಬ್ಬರ್ ಬಳೆ, ಸಡಿಲವಾಗಿದೆ ಎಂದರ್ಥ. ಅದನ್ನು ಬದಲಿಸಿ. ನಿಮ್ಮ ಕುಕ್ಕರಿನ ಕಂಪನಿಯದೇ, ಅದೇ ಲೀಟರಿನದೇ ತನ್ನಿ. ಪಾತ್ರೆ ಅಂಗಡಿಗೆ ಹಳೆಯ ಬಳೆಯನ್ನು ಜೊತೆಗೆ ಒಯ್ದರೆ ಅಳತೆ ತಪ್ಪುವುದಿಲ್ಲ.

ಈಗ ಸಾರು

ನಾಲ್ಕು ಜನರಿಗೆ ಅರ್ಧ ಕಪ್ ತೊಗರಿಬೇಳೆ, ಎರಡು ಟೊಮೆಟೊ, ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಎರಡು ಚಿಕ್ಕ ಚಮಚ ಸಾರಿನ ಪುಡಿ, ಬೆರಳ ತುದಿಯಷ್ಟು ಬೆಲ್ಲ. ಇಷ್ಟು ಸಾಕು.

ಬೆಂದ ಬೇಳೆಯನ್ನು ಕಡಗೋಲಿನಲ್ಲಿ ನುಣ್ಣಗೆ ಕಡೆದಿಡಿ. ಬೇರೆ ಪಾತ್ರೆಯಲ್ಲಿ ಹುಣಸೆರಸ, ಹೆಚ್ಚಿದ ಟೊಮೆಟೊ, ಅರಿಸಿನ, ಬೆಲ್ಲ, ಕೊತ್ತಂಬರಿ ದಂಟು ಹಾಕಿ ಕುದಿಯಲಿಡಿ. ಮೊದಲು ಮೂಗಿಗೆ ಹೊಡೆಯುವುದು ಹುಳಿಯ ಹಸಿ ವಾಸನೆ. ಐದಾರು ನಿಮಿಷ ಕುದಿದ ಮೇಲೆ ಅದು ಹೋಗಿ ಹಿತವಾದ ವಾಸನೆ ಬರುತ್ತದೆ. ಅಲ್ಲಿಯವರೆಗೆ ಬೇಳೆ ಬೆರೆಸಬೇಡಿ. ಬಹಳ ಮನೆಗಳಲ್ಲಿ ಸಾರು ಕೆಡುವುದು ಈ ಹಂತದಲ್ಲೇ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಹುಳಿಯ ಹಸಿತನ ಬೇಳೆಯಲ್ಲಿ ಅಡಗಿ ಕೂರುತ್ತದೆ. ಎಷ್ಟು ಕುದಿಸಿದರೂ 'ಏನೋ ಕಡಿಮೆ' ಅನ್ನಿಸುತ್ತಲೇ ಇರುತ್ತದೆ.

ಹಸಿ ವಾಸನೆ ಹೋಯಿತು. ಈಗ ಬೇಳೆಕಟ್ಟು, ಬೇಕಾದಷ್ಟು ನೀರು, ಉಪ್ಪು ಹಾಕಿ. ಕುದಿ ಬಂದ ಮೇಲೆ ಸಾರಿನ ಪುಡಿ. ಪುಡಿಯನ್ನು ಇಷ್ಟು ತಡವಾಗಿ ಹಾಕುವುದು ಏಕೆಂದರೆ ಧನಿಯಾ, ಜೀರಿಗೆ, ಮೆಣಸಿನ ಘಮ ಇರುವುದು ಬೇಗ ಆವಿಯಾಗುವ ಎಣ್ಣೆಗಳಲ್ಲಿ. ಇಪ್ಪತ್ತು ನಿಮಿಷ ಕುದಿಸಿದರೆ ಮನೆಯೆಲ್ಲ ಘಮಘಮ, ಸಾರು ಮಾತ್ರ ಸಪ್ಪೆ. ಪುಡಿ ಹಾಕಿದ ಮೇಲೆ ಮೂರು ನಾಲ್ಕು ನಿಮಿಷ ಸಾಕು. ಅಂಚಿನಿಂದ ನೊರೆ ಎದ್ದು ಸಾರು ಉಬ್ಬಿ ಬರುವಾಗ ಒಲೆ ಆರಿಸಿ. ಒಗ್ಗರಣೆ ಕೊಟ್ಟು, ಕೊತ್ತಂಬರಿ ಸೊಪ್ಪು ಉದುರಿಸಿ, ತಕ್ಷಣ ಮುಚ್ಚಿಡಿ. ಹತ್ತು ನಿಮಿಷ ಯಾರೂ ಮುಚ್ಚಳ ತೆಗೆಯಬಾರದು.

ಹುಳಿ ಇರುವ ಅಡುಗೆಗೆ ಸ್ಟೀಲ್ ಪಾತ್ರೆ, ಮಣ್ಣಿನ ಮಡಕೆ, ಕಲ್ಚಟ್ಟಿ ಒಳ್ಳೆಯದು. ಕಬ್ಬಿಣದ ಪಾತ್ರೆಯಲ್ಲಿ ಸಾರಿಗೆ ಲೋಹದ ರುಚಿ ಹತ್ತುತ್ತದೆ. ಹಿತ್ತಾಳೆ ಪಾತ್ರೆ ಆದರೆ ಒಳಗೆ ಕಲಾಯಿ ಇರಲೇಬೇಕು.

ಒಗ್ಗರಣೆ: ಒಂದೂವರೆ ನಿಮಿಷದ ಕೆಲಸ

ಇಡೀ ಅಡುಗೆಯಲ್ಲಿ ಅತಿ ಕಡಿಮೆ ಹೊತ್ತು ಹಿಡಿಯುವುದು ಒಗ್ಗರಣೆ. ಅತಿ ಹೆಚ್ಚು ಗಮನ ಬೇಡುವುದೂ ಅದೇ. ಸಾಂಬಾರ ಪದಾರ್ಥಗಳ ಘಮ, ಬಣ್ಣ ಹೆಚ್ಚಾಗಿ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಬಿಸಿ ಎಣ್ಣೆ ಆ ಘಮವನ್ನು ಹೀರಿಕೊಂಡು ಇಡೀ ಪಾತ್ರೆಗೆ ಹರಡುತ್ತದೆ. ಇದು ಗೊತ್ತಾದರೆ ಒಗ್ಗರಣೆಯಲ್ಲಿ ಒಂದೊಂದನ್ನೂ ಒಂದೊಂದು ಹೊತ್ತಿಗೆ ಹಾಕುವುದು ಏಕೆ ಎನ್ನುವುದು ತಾನಾಗಿ ತಿಳಿಯುತ್ತದೆ. ಗಟ್ಟಿಯಾದದ್ದು ಮೊದಲು, ಬೇಗ ಸೀಯುವುದು ಕೊನೆಗೆ.

ಎಣ್ಣೆ ಕಾದಿದೆಯೇ ಎಂದು ನೋಡಲು ಒಂದೇ ಒಂದು ಸಾಸಿವೆ ಕಾಳು ಹಾಕಿ. ಅದು ಕೂಡಲೇ ಸಿಡಿದರೆ ಉಳಿದದ್ದನ್ನು ಹಾಕಿ. ಸಾಸಿವೆಯ ಒಳಗಿನ ತೇವ ಆವಿಯಾಗಿ ಸಿಪ್ಪೆಯನ್ನು ಒಡೆದುಕೊಂಡು ಬರುವುದೇ ಆ ಚಟಪಟ. ಸಿಡಿಯದ ಸಾಸಿವೆ ಬಾಯಿಗೆ ಕಹಿ. ಸಿಡಿಯುವಾಗ ಉರಿ ತಗ್ಗಿಸಿ ಸಣ್ಣ ಮುಚ್ಚಳ ಹಿಡಿಯಿರಿ. ಸದ್ದು ನಿಲ್ಲುತ್ತಾ ಬಂದಾಗ, ಪಲ್ಯಕ್ಕಾದರೆ ಉದ್ದಿನಬೇಳೆ, ಕಡಲೆಬೇಳೆ. ಅವು ಹೊಂಬಣ್ಣಕ್ಕೆ ಬರಬೇಕು, ಕಂದಾಗಬಾರದು. ಆಮೇಲೆ ಜೀರಿಗೆ. ಅದಕ್ಕೆ ಹತ್ತು ಸೆಕೆಂಡ್ ಸಾಕು. ಜೀರಿಗೆಯ ಬೆನ್ನಿಗೇ ಮುರಿದ ಒಣಮೆಣಸಿನಕಾಯಿ. ಅದು ಉಬ್ಬಿ ಕೆಂಪು ಗಾಢವಾಗುತ್ತಿದ್ದಂತೆ ಒಲೆ ಆರಿಸಿ. ಆರಿಸಿದ ಮೇಲೆ ಕರಿಬೇವು, ಕೊನೆಯಲ್ಲಿ ಇಂಗು. ಇಂಗು ಸೀದರೆ ಕಹಿಯಾಗುತ್ತದೆ, ಕರಿಬೇವು ಕಪ್ಪಾದರೆ ಅದರ ಘಮ ಹೋಗುತ್ತದೆ. ಎಣ್ಣೆಯಲ್ಲಿ ಉಳಿದ ಬಿಸಿಯೇ ಇವೆರಡಕ್ಕೆ ಸಾಕು. ಕರಿಬೇವನ್ನು ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸಿರಬೇಕು, ಇಲ್ಲದಿದ್ದರೆ ಎಣ್ಣೆ ಮುಖಕ್ಕೆ ಹಾರುತ್ತದೆ.

ಹೊರದೇಶದಲ್ಲಿ ಕರೆಂಟ್ ಒಲೆಯ ಮೇಲೆ ಅಡುಗೆ ಮಾಡುವ ಕನ್ನಡಿಗರಿಗೆ ಒಂದು ಮಾತು. ಕಾಯಿಲ್ ಇರುವ ಒಲೆ ಆರಿಸಿದರೂ ಬಿಸಿ ಹಾಗೇ ಇರುತ್ತದೆ. ಅಲ್ಲಿ 'ಆರಿಸಿ' ಎಂದರೆ ಪಾತ್ರೆಯನ್ನು ಒಲೆಯಿಂದ ಇಳಿಸಿ ಎಂದೇ ತಿಳಿಯಬೇಕು.

ಒಗ್ಗರಣೆಗೆ ಯಾವ ಎಣ್ಣೆ? ನಿಮ್ಮ ಸೀಮೆಯದೇ ಸರಿ. ಉತ್ತರ ಕರ್ನಾಟಕದವರಿಗೆ ಶೇಂಗಾ ಎಣ್ಣೆ, ಕರಾವಳಿಯವರಿಗೆ ಕೊಬ್ಬರಿ ಎಣ್ಣೆ ಒಗ್ಗಿದ ರುಚಿ. ಬೇಳೆ ಸಾರಿಗೆ ಮಾತ್ರ ಒಂದು ಚಮಚ ತುಪ್ಪದ ಒಗ್ಗರಣೆಗೆ ಸಾಟಿ ಇಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸಾರಿನ ಪುಡಿ ಮನೆಯಲ್ಲೇ

ಅಂಗಡಿಯ ಪುಡಿ ಕೆಟ್ಟದ್ದೇನಲ್ಲ. ಆದರೆ ಅದು ಪುಡಿಯಾಗಿ ಎಷ್ಟು ತಿಂಗಳಾಗಿದೆಯೋ ಅಷ್ಟು ಘಮ ಹೋಗಿರುತ್ತದೆ. ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡರೆ ಎರಡು ತಿಂಗಳಿಗೆ ಆಗುವಷ್ಟು ಮಾಡಿಕೊಳ್ಳಬಹುದು. ಒಂದು ಕಪ್ ಧನಿಯಾ, ಕಾಲು ಕಪ್ ಜೀರಿಗೆ, ಒಂದು ದೊಡ್ಡ ಚಮಚ ಕಾಳುಮೆಣಸು, ಮೆಂತ್ಯ ಮತ್ತು ಸಾಸಿವೆ ಒಂದೊಂದು ಚಿಕ್ಕ ಚಮಚ, 25 ಬ್ಯಾಡಗಿ ಮೆಣಸಿನಕಾಯಿ, ಖಾರ ಬೇಕೆನ್ನುವವರಿಗೆ ಐದಾರು ಗುಂಟೂರು ಮೆಣಸಿನಕಾಯಿ, ಎರಡು ಹಿಡಿ ಕರಿಬೇವು, ಸ್ವಲ್ಪ ಇಂಗು.

ಒಂದೊಂದನ್ನೂ ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯಿರಿ. ಧನಿಯಾಕ್ಕೆ ಬೇಕಾದ ಹೊತ್ತು ಜೀರಿಗೆಗೆ ಬೇಡ. ಒಟ್ಟಿಗೆ ಹುರಿದರೆ ಒಂದು ಹಸಿ, ಇನ್ನೊಂದು ಸೀದದ್ದು. ಮೆಂತ್ಯದ ಮೇಲೆ ವಿಶೇಷ ಕಣ್ಣಿರಲಿ. ಹೊಂಬಣ್ಣದಲ್ಲಿ ಇಳಿಸಿದರೆ ಪುಡಿಗೆ ಅದೇ ಪರಿಮಳ, ಕಪ್ಪಾದರೆ ಇಡೀ ಡಬ್ಬಿ ಕಹಿ. ಕರಿಬೇವು ಕೈಯಲ್ಲಿ ಹಿಡಿದರೆ ಗರಿಗರಿ ಮುರಿಯಬೇಕು. ಎಲ್ಲ ಪೂರ್ತಿ ಆರಿದ ಮೇಲೆ ಮಿಕ್ಸಿಗೆ ಹಾಕಿ. ಬಿಸಿ ಇರುವಾಗಲೇ ಪುಡಿ ಮಾಡಿದರೆ ಬೆವರಿ ಗಂಟು ಕಟ್ಟುತ್ತದೆ. ಗಾಜಿನ ಬಾಟಲಿ, ಒಣ ಚಮಚ. ಒಲೆಯ ಮೇಲಿನ ಶೆಲ್ಫಿನಲ್ಲಿ ಇಡಬೇಡಿ, ಆ ಬಿಸಿಗೆ ಘಮವೂ ಹೋಗುತ್ತದೆ, ಬಣ್ಣವೂ ಹೋಗುತ್ತದೆ.

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಬಂತು. ಅದರ ಹೆಚ್ಚುಗಾರಿಕೆ ಬಣ್ಣ. ಖಾರ ಕಡಿಮೆ. ಕಡ್ಡಿ, ಡಬ್ಬಿ ಎಂದು ಎರಡು ಬಗೆ ಸಿಗುತ್ತವೆ. ಕಡ್ಡಿ ತೆಳ್ಳಗೆ ಉದ್ದ, ಡಬ್ಬಿ ದುಂಡಗೆ ದಪ್ಪ. ಮೆಣಸಿನಕಾಯಿ ಸುಕ್ಕುಸುಕ್ಕಾಗಿದ್ದು, ಬಗ್ಗಿಸಿದರೆ ಪುಡಿಯಾಗದೆ ಬಾಗುವಂತಿದ್ದರೆ ಹೊಸ ಮಾಲು. ತೊಟ್ಟಿನ ಬಳಿ ಬಿಳಿಚಿಕೊಂಡಿದ್ದರೆ, ಬೂಷ್ಟಿನ ವಾಸನೆ ಬಂದರೆ ಬಿಡಿ. ಬೇಸಿಗೆಯಲ್ಲಿ ಹೊಸ ಬೆಳೆ ಸಿಗುತ್ತದೆ, ಒಣಗಿಸಲು ಬಿಸಿಲೂ ಇರುತ್ತದೆ. ನಮ್ಮ ಹಿರಿಯರು ವರ್ಷದ ಪುಡಿಯನ್ನು ಆಗಲೇ ಕುಟ್ಟಿಸುತ್ತಿದ್ದದ್ದು ಅದಕ್ಕೇ.

ಪಲ್ಯ

ಪಲ್ಯಕ್ಕೆ ಬಾಯಿ ಅಗಲವಾದ ಬಾಣಲೆ ಬೇಕು. ಸಣ್ಣ ಪಾತ್ರೆಯಲ್ಲಿ ತರಕಾರಿ ತುಂಬಿದರೆ ಅದು ಬಿಟ್ಟ ನೀರಿನಲ್ಲೇ ಬೆಂದು ಮುದ್ದೆಯಾಗುತ್ತದೆ.

ಬೆಂಡೆಕಾಯಿಯ ಲೋಳೆ ಎಲ್ಲರ ದೂರು. ಆ ಲೋಳೆ ನೀರು ತಾಗಿದರೆ ಹೆಚ್ಚುತ್ತದೆ. ಮೊದಲು ತೊಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹೆಚ್ಚಿ. ಮುಚ್ಚಳ ಹಾಕಬೇಡಿ, ಉಪ್ಪನ್ನು ಕೊನೆಗೆ ಹಾಕಿ. ಅರ್ಧ ಬೆಂದಾಗ ಒಂದು ಚಮಚ ಹುಳಿಮಜ್ಜಿಗೆ ಅಥವಾ ಹುಣಸೆರಸ ಬಿಟ್ಟರೆ ಲೋಳೆ ಮುರಿಯುತ್ತದೆ. ಬೀನ್ಸು, ಗೋರಿಕಾಯಿಗೆ ಇದರ ಉಲ್ಟಾ. ನೀರು ಚಿಮುಕಿಸಿ ಮುಚ್ಚಿ ಬೇಯಿಸಬೇಕು. ಆದರೆ ಹಸಿರು ಬಣ್ಣ ಉಳಿಯಬೇಕೆಂದರೆ ನಡುವೆ ಎರಡು ಮೂರು ಸಲ ಮುಚ್ಚಳ ತೆಗೆಯಿರಿ. ತರಕಾರಿಯಿಂದ ಹೊರಬರುವ ಹುಳಿ ಅಂಶ ಆವಿಯ ಜೊತೆ ಹೋಗಬೇಕು. ಅದು ಒಳಗೇ ಉಳಿದರೆ ಹಸಿರು ಕಂದುತ್ತದೆ. ಸೊಪ್ಪಿನ ಪಲ್ಯವನ್ನು ತೆರೆದೇ ಬೇಯಿಸುವುದು, ನಿಂಬೆರಸವನ್ನು ಇಳಿಸಿದ ಮೇಲೆ ಹಿಂಡುವುದು ಇದೇ ಕಾರಣಕ್ಕೆ. ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಿರಿ. ಹೆಚ್ಚಿದ ಮೇಲೆ ತೊಳೆದರೆ ಸತ್ವವೆಲ್ಲ ನೀರಿನ ಪಾಲು.

ಎಲೆಕೋಸನ್ನು ಹೆಚ್ಚು ಬೇಯಿಸಬೇಡಿ. ಹೊತ್ತು ಹೆಚ್ಚಾದಷ್ಟೂ ಅದರಲ್ಲಿನ ಗಂಧಕದ ವಾಸನೆ ಏಳುತ್ತದೆ. ಮಕ್ಕಳು ಕೋಸು ಎಂದರೆ ಮೂಗು ಮುರಿಯುವುದು ಬಹುತೇಕ ಆ ವಾಸನೆಗೆ. ಐದಾರು ನಿಮಿಷ ಸಾಕು, ಅಗಿಯಲು ಸ್ವಲ್ಪ ಕರುಕುರು ಉಳಿಯಲಿ. ತೆಂಗಿನತುರಿ ಯಾವ ಪಲ್ಯಕ್ಕಾದರೂ ಒಲೆ ಆರಿಸಿದ ಮೇಲೆ.

ಅನ್ನ, ಉಳಿದ ಅನ್ನ

ಸೋನಾ ಮಸೂರಿ ಅಕ್ಕಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು ಇಪ್ಪತ್ತು ನಿಮಿಷ ನೆನೆಸಿ. ಒಂದು ಲೋಟಕ್ಕೆ ಎರಡು ಲೋಟ ನೀರು ಹಾಕಿದರೆ ಉದುರಾಗಿ, ಎರಡೂವರೆ ಹಾಕಿದರೆ ಮೆತ್ತಗೆ ಆಗುತ್ತದೆ. ಹಳೆಯ ಅಕ್ಕಿ ಹೆಚ್ಚು ನೀರು ಕುಡಿಯುತ್ತದೆ, ಹೊಸ ಅಕ್ಕಿ ಕಡಿಮೆ. ಮೂಟೆ ಬದಲಾದಾಗ ಮೊದಲ ದಿನ ಸ್ವಲ್ಪ ಮಾಡಿ ನೋಡಿ ಅಳತೆ ತಿದ್ದಿಕೊಳ್ಳಿ. ಚಿತ್ರಾನ್ನ, ಪುಳಿಯೋಗರೆಗಾದರೆ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಒಂದು ಚಮಚ ಎಣ್ಣೆ ಹಾಕಿ ಆರಿಸಿ.

ಕೈ ತಪ್ಪಿದಾಗ ಏನು ಮಾಡಬೇಕು ಎನ್ನುವುದನ್ನೂ ಹೇಳಿಬಿಡುತ್ತೇನೆ. ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿ, ಅದು ಉಪ್ಪು ಎಳೆಯುತ್ತದೆ ಎನ್ನುತ್ತಾರೆ. ಆಲೂಗಡ್ಡೆ ಉಪ್ಪನ್ನು ಮಾತ್ರ ಆರಿಸಿ ಎಳೆಯುವುದಿಲ್ಲ, ಉಪ್ಪುನೀರನ್ನು ಹೀರುತ್ತದೆ. ಉಳಿದ ಸಾರು ಅಷ್ಟೇ ಉಪ್ಪಾಗಿರುತ್ತದೆ. ಬೇಳೆಕಟ್ಟೋ ನೀರೋ ಬೆರೆಸಿ ತೆಳು ಮಾಡುವುದೊಂದೇ ದಾರಿ. ಖಾರ ಹೆಚ್ಚಾದರೆ ತುಪ್ಪ, ತೆಂಗಿನಹಾಲು, ಮೊಸರು. ಖಾರದ ಅಂಶ ಕರಗುವುದು ಜಿಡ್ಡಿನಲ್ಲಿ, ನೀರಿನಲ್ಲಲ್ಲ. ಹುಳಿ ಹೆಚ್ಚಾದರೆ ಚೂರು ಬೆಲ್ಲ. ತಳ ಹಿಡಿದರೆ ಸೌಟು ಆಡಿಸಲೇಬೇಡಿ, ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿ.

ಖರ್ಚಿನ ಲೆಕ್ಕ ಇಷ್ಟೇ. ಹೊಸದಾಗಿ ಕೊಳ್ಳಬೇಕಾದದ್ದು ಹೆಚ್ಚೆಂದರೆ ಒಂದು ಕಬ್ಬಿಣದ ಒಗ್ಗರಣೆ ಸೌಟು, ಒಂದು ಅಗಲವಾದ ಬಾಣಲೆ. ಊರ ಸಂತೆಯಲ್ಲಿ, ಪಾತ್ರೆ ಅಂಗಡಿಯಲ್ಲಿ ಸಿಗುತ್ತವೆ. ತಳ ದಪ್ಪವಿರುವುದನ್ನು ನೋಡಿ ತೆಗೆದುಕೊಳ್ಳಿ, ತೆಳು ತಳ ಬೇಗ ಸೀಯುತ್ತದೆ. ತರಕಾರಿಗೆ ವಾರದ ಸಂತೆ, ಇಲ್ಲವೇ ಹಾಪ್‌ಕಾಮ್ಸ್ ಮಳಿಗೆ. ಉಳಿತಾಯ ಆಗುವುದು ಗ್ಯಾಸಿನಲ್ಲಿ. ಮನೆಗೆ ಬರುವ ಸಿಲಿಂಡರಿನಲ್ಲಿ ಇರುವುದು 14.2 ಕೆಜಿ ಅನಿಲ. ನೆನೆಸಿದ ಬೇಳೆ, ಅಕ್ಕಿ ಎರಡನ್ನೂ ಒಂದೇ ಕುಕ್ಕರಿನಲ್ಲಿ ಡಬ್ಬಿಯ ಮೇಲೆ ಡಬ್ಬಿ ಇಟ್ಟು ಬೇಯಿಸಿ. ಮೊದಲ ಕೂಗಿಗೆ ಸಿಮ್ ಮಾಡಿ. ಉರಿ ಪಾತ್ರೆಯ ತಳ ದಾಟಿ ಪಕ್ಕಕ್ಕೆ ಬರದಂತೆ ನೋಡಿಕೊಳ್ಳಿ. ಉರಿ ನೀಲಿಯಾಗಿರದೆ ಹಳದಿಯಾಗಿದ್ದರೆ ಬರ್ನರಿನ ತೂತುಗಳು ಕಟ್ಟಿರಬಹುದು, ತಣ್ಣಗಿರುವಾಗ ಬಿಚ್ಚಿ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ.

ಉಳಿದ ಅನ್ನದ ಬಗ್ಗೆ ಎಚ್ಚರ ಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನ ಗಂಟೆಗಟ್ಟಲೆ ಹೊರಗಿದ್ದರೆ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹೀಗಾಗಿ ರಾತ್ರಿ ಊಟ ಮುಗಿದ ಮೇಲೆ ಎರಡು ಗಂಟೆಯೊಳಗೆ ಅನ್ನವನ್ನು ಅಗಲವಾಗಿ ಹರಡಿ ಆರಿಸಿ, ಮುಚ್ಚಿ ಫ್ರಿಜ್ಜಿಗೆ ಇಡಿ. ಮರುದಿನ ಬೆಳಿಗ್ಗೆಯೇ ಚಿತ್ರಾನ್ನ ಮಾಡಿ, ಹಬೆ ಏಳುವಷ್ಟು ಬಿಸಿ ಮಾಡಿ ತಿನ್ನಿ. ಸಾರನ್ನಾದರೆ ಬೇಕಾದಷ್ಟನ್ನೇ ಬೇರೆ ಪಾತ್ರೆಗೆ ಬಗ್ಗಿಸಿಕೊಂಡು ಕುದಿಸಿ. ಇಡೀ ಪಾತ್ರೆಯನ್ನು ದಿನಕ್ಕೆ ಮೂರು ಸಲ ಕಾಯಿಸಿ ಆರಿಸಿದರೆ ಕೆಡುವುದೂ ಬೇಗ, ಪುಡಿಯ ಘಮ ಉಳಿಯುವುದೂ ಇಲ್ಲ.